ಮಿಡಿತದ ದಾರಿಗೆ ಮಂಜಿನ ತಡೆ

1968ರ ಮೇ ತಿಂಗಳು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಡರ್ಹಮ್‌ನಲ್ಲಿರುವ ಡ್ಯೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮೂವತ್ತು ದಾಟಿದ ಒಬ್ಬ ಮೀನುಗಾರನ ಎದೆಯನ್ನು ವೈದ್ಯರು ತೆರೆದರು. ಕವಾಟ ಬದಲಿಸುವುದಕ್ಕಲ್ಲ, ಕಟ್ಟಿಕೊಂಡ ರಕ್ತನಾಳ ಸರಿಪಡಿಸುವುದಕ್ಕೂ ಅಲ್ಲ. ಆತನ ಹೃದಯ ಇದ್ದಕ್ಕಿದ್ದಂತೆ ಓಟ ಕೀಳುತ್ತಿತ್ತು. ಅದನ್ನು ಹದ್ದುಬಸ್ತಿನಲ್ಲಿಡಲು ಯಾವ ಔಷಧಿಯಿಂದಲೂ ಆಗಿರಲಿಲ್ಲ. ಈ ಬಗೆಯ ಲಯ ತಪ್ಪುವ ಕಾಯಿಲೆಯನ್ನು ಶಸ್ತ್ರಚಿಕಿತ್ಸೆಯಿಂದ ಬುಡಸಮೇತ ಕೀಳಬಹುದೆಂದು ಆವರೆಗೆ ಯಾರೂ ಮಾಡಿ ತೋರಿಸಿರಲಿಲ್ಲ. ಅಂದು ಚಾಕು ಹಿಡಿದವರು ವಿಲ್ ಸೀಲಿ ಎಂಬ ಶಸ್ತ್ರಚಿಕಿತ್ಸಕರು.

ಆ ಮೀನುಗಾರನ ತೊಂದರೆ ಏನೆಂದು ತಿಳಿಯಬೇಕಾದರೆ ಹೃದಯದೊಳಗಿನ ವಿದ್ಯುತ್ತಿನ ದಾರಿಯನ್ನು ಒಮ್ಮೆ ನೋಡಬೇಕು. ಮಿಡಿತದ ಸಂಕೇತ ಹುಟ್ಟುವುದು ಬಲ ಹೃತ್ಕರ್ಣದ ಮೇಲ್ಭಾಗದ ಸೈನಸ್ ಗಂಟಿನಲ್ಲಿ. ಅಲ್ಲಿಂದ ಮೇಲಿನ ಎರಡು ಕೋಣೆಗಳಿಗೆ ಹರಡಿ, ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೆ ಇಳಿಯಲು ಅದಕ್ಕಿರುವುದು ಒಂದೇ ಬಾಗಿಲು: ನಡುಗೋಡೆಯ ಮೇಲಿನ ಏವಿ ಗಂಟು. ಜರ್ಮನಿಯ ಮಾರ್ಬುರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಸುನಾವೊ ತವಾರಾ 1906ರಲ್ಲಿ ಇದನ್ನು ವಿವರಿಸಿದರು. ಸಂಕೇತ ಇಲ್ಲಿ ಅರೆಗಳಿಗೆ ತಡೆದು ಕೆಳಗಿಳಿಯುತ್ತದೆ. ಕೆಲವರಲ್ಲಿ ಮಾತ್ರ ಹುಟ್ಟಿನಿಂದಲೇ ಇನ್ನೊಂದು ಕಳ್ಳದಾರಿ ಇರುತ್ತದೆ, ಸ್ನಾಯುವಿನ ಒಂದು ಸಣ್ಣ ಎಳೆ. ಸಂಕೇತ ಬಾಗಿಲಿನಿಂದ ಇಳಿದು ಈ ಎಳೆಯ ಮೂಲಕ ಮೇಲೆ ಹತ್ತಿ ಮತ್ತೆ ಬಾಗಿಲಿಗೆ ಬಂದರೆ ಒಂದು ಸುತ್ತು ಏರ್ಪಡುತ್ತದೆ. ಆಗ ಹೃದಯ ನಿಮಿಷಕ್ಕೆ ಇನ್ನೂರು ಸಲದವರೆಗೂ ಬಡಿಯಬಹುದು. ಬಾಸ್ಟನ್‌ನ ಲೂಯಿ ವುಲ್ಫ್ ಮತ್ತು ಪಾಲ್ ವೈಟ್, ಲಂಡನ್ನಿನ ಜಾನ್ ಪಾರ್ಕಿನ್ಸನ್ 1930ರಲ್ಲಿ ಇಂಥ 11 ಮಂದಿಯ ವಿವರ ಪ್ರಕಟಿಸಿದರು. ಮೂವರ ಹೆಸರೂ ಸೇರಿ ಅದು ಡಬ್ಲ್ಯುಪಿಡಬ್ಲ್ಯು ಆಯಿತು.

ಡ್ಯೂಕ್‌ನ ತಂಡ ಹೃದಯದ ಮೇಲ್ಮೈಗೆ ಒಂದು ವಿದ್ಯುದ್ವಾರವನ್ನು ಜಾಗದಿಂದ ಜಾಗಕ್ಕೆ ಮುಟ್ಟಿಸುತ್ತ ಹೋಯಿತು. ಹೃತ್ಕುಕ್ಷಿಯ ಯಾವ ಅಂಚಿಗೆ ಸಂಕೇತ ಎಲ್ಲಕ್ಕಿಂತ ಮೊದಲು ಬಂದು ತಲುಪುತ್ತದೋ ಕಳ್ಳದಾರಿ ಅಲ್ಲೇ ಇರಬೇಕು. ಜಾಗ ಬಲಗಡೆ ಸಿಕ್ಕಿತು. ಸೀಲಿ ಅಲ್ಲಿ ಕೊಯ್ದರು. ಇಸಿಜಿಯ ಗೆರೆ ಬದಲಾಯಿತು, ಮೀನುಗಾರ ಗುಣವಾದ.

ಈ ಗೆಲುವಿನ ಒಳಗೇ ಒಂದು ಭಯವೂ ಇತ್ತು. ಕಳ್ಳದಾರಿ ಹೃದಯದ ಹೊರ ಅಂಚಿನಲ್ಲಿದ್ದರೆ ಸರಿ, ಅಲ್ಲಿ ಕೊಯ್ದರೆ ದೊಡ್ಡ ನಷ್ಟವಿಲ್ಲ. ಅದು ಏವಿ ಗಂಟಿನ ಮಗ್ಗುಲಲ್ಲೇ ಇದ್ದರೆ? ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಹೃದಯದ ಏಕೈಕ ಬಾಗಿಲೇ ಹೋಗುತ್ತದೆ, ರೋಗಿ ಬದುಕಿರುವಷ್ಟು ಕಾಲ ಪೇಸ್‌ಮೇಕರ್ ನಂಬಿಕೊಂಡಿರಬೇಕಾಗುತ್ತದೆ. ಚಾಕು ಆಡಿದ ಮೇಲೆ ಆಡಿತು. ಮೇಯೊ ಕ್ಲಿನಿಕ್‌ನ ಹೊವರ್ಡ್ ಬರ್ಚೆಲ್ ಮತ್ತು ಸಂಗಡಿಗರು 1967ರಲ್ಲಿ ಒಂದು ಶಸ್ತ್ರಚಿಕಿತ್ಸೆಯ ವೇಳೆ ಪ್ರೊಕೇನ್ ಎಂಬ ಮರಗಟ್ಟಿಸುವ ಔಷಧಿ ಚುಚ್ಚಿ ಇಂಥ ಎಳೆಯನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸಿದ್ದರು. ಮೊದಲು ಸುಮ್ಮನಾಗಿಸಿ ನೋಡುವುದು, ಆಮೇಲೆ ಶಾಶ್ವತವಾಗಿ ಮುಚ್ಚುವುದು ಎಂಬ ಎರಡು ಹಂತದ ಕೆಲಸಕ್ಕೆ ಒಂದು ಉಪಕರಣ ಬೇಕಿತ್ತು. ಮುಂದಿನ ಮೂವತ್ತು ವರ್ಷದ ಕಥೆಯೆಲ್ಲ ನನ್ನ ಮಟ್ಟಿಗೆ ಆ ಹುಡುಕಾಟದ ಕಥೆ.

ಉತ್ತರ ಬಂದದ್ದು ಹೃದಯಕ್ಕೆ ಸಂಬಂಧವೇ ಇಲ್ಲದ ಕಡೆಯಿಂದ. ಚಳಿಯಿಂದ ಚಿಕಿತ್ಸೆ ಮಾಡುವ ಯೋಚನೆ ಹಳೆಯದು. ಇಂಗ್ಲೆಂಡಿನ ವೈದ್ಯ ಜೇಮ್ಸ್ ಆರ್ನಾಟ್ 19ನೇ ಶತಮಾನದ ನಡುವಿನಲ್ಲಿ ಪುಡಿ ಮಾಡಿದ ಮಂಜುಗಡ್ಡೆಗೆ ಉಪ್ಪು ಬೆರೆಸಿ ಗಡ್ಡೆಗಳ ಮೇಲಿಟ್ಟು ನೋವು ಮತ್ತು ರಕ್ತಸ್ರಾವ ತಗ್ಗಿಸುತ್ತಿದ್ದರು. 1852ರಲ್ಲಿ ಜೇಮ್ಸ್ ಜೂಲ್ ಮತ್ತು ವಿಲಿಯಂ ಥಾಮ್ಸನ್ ಇನ್ನೊಂದು ಸಂಗತಿ ಕಂಡುಕೊಂಡರು: ಒತ್ತಡದಲ್ಲಿರುವ ಅನಿಲವನ್ನು ಕಿರಿದಾದ ರಂಧ್ರದ ಮೂಲಕ ಬಿಟ್ಟರೆ ಅದು ಹಿಗ್ಗುತ್ತ ತಣ್ಣಗಾಗುತ್ತದೆ. ನಾವು ಇಂದು ಓದುತ್ತಿರುವ ಚಿಕಿತ್ಸೆಯ ಭೌತಶಾಸ್ತ್ರದ ಬೇರು ಇಲ್ಲಿದೆ. ನೂರು ವರ್ಷ ಅದು ಕಾರ್ಖಾನೆಗಳ ಪಾಲಾಗಿ ಉಳಿಯಿತು.

1961ರಲ್ಲಿ ನ್ಯೂಯಾರ್ಕಿನ ನರಶಸ್ತ್ರಚಿಕಿತ್ಸಕ ಅರ್ವಿಂಗ್ ಕೂಪರ್, ಆರ್ನಲ್ಡ್ ಲೀ ಜೊತೆ ಸೇರಿ ದ್ರವ ಸಾರಜನಕ ಹರಿಯುವ ಒಂದು ಸಪೂರ ಸಲಾಕೆ ತಯಾರಿಸಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುವವರ ಮಿದುಳಿನ ಆಳದ ಒಂದು ಚುಕ್ಕೆಯನ್ನು ಘನೀಕರಿಸುವುದು ಅವರ ಉದ್ದೇಶ. ಕೂಪರ್ ಕೆಲಸ ಮಾಡುತ್ತಿದ್ದ ರೀತಿ ಗಮನಿಸಬೇಕಾದದ್ದು. ರೋಗಿ ಎಚ್ಚರವಾಗಿರುತ್ತಿದ್ದ. ಸಲಾಕೆಯ ತುದಿಯನ್ನು ಮೊದಲು ಸ್ವಲ್ಪವೇ ತಣಿಸುತ್ತಿದ್ದರು. ಕೈನಡುಕ ನಿಂತಿತೇ, ಮಾತು ಸ್ಪಷ್ಟವಿದೆಯೇ, ಕೈಗೆ ಬಲವಿದೆಯೇ ಎಂದು ನೋಡುತ್ತಿದ್ದರು. ಎಲ್ಲ ಸರಿಯಿದ್ದರೆ ಮಾತ್ರ ಇನ್ನಷ್ಟು ತಣಿಸಿ ಆ ಚುಕ್ಕೆಯನ್ನು ಮುಗಿಸುತ್ತಿದ್ದರು. ಏನಾದರೂ ಎಡವಟ್ಟು ಕಂಡರೆ ಬಿಸಿಯೇರಲು ಬಿಟ್ಟರೆ ಸಾಕು, ಜೀವಕೋಶಗಳು ಮರಳಿ ಕೆಲಸಕ್ಕೆ ಹತ್ತುತ್ತಿದ್ದವು. ಬರ್ಚೆಲ್‌ರ ಕೊಠಡಿಯಲ್ಲಿ ಎರಡು ಹಂತವಾಗಿ ಬೇಕಾಗಿದ್ದದ್ದು ಇಲ್ಲಿ ಒಂದೇ ಸಲಾಕೆಯಲ್ಲಿತ್ತು. ಕೆಲವೇ ವರ್ಷಗಳಲ್ಲಿ ದಕ್ಷಿಣ ಆಫ್ರಿಕಾದ ಕಣ್ಣಿನ ವೈದ್ಯ ಸೆಲಿಗ್ ಅಮೋಯಿಲ್ಸ್, ಜೂಲ್ ಮತ್ತು ಥಾಮ್ಸನ್ ಕಂಡ ತತ್ತ್ವದ ಮೇಲೆ ಅನಿಲ ಹಿಗ್ಗಿಸಿ ತಣ್ಣಗಾಗುವ ಪುಟ್ಟ ಸಲಾಕೆಯನ್ನು ಪೊರೆ ತೆಗೆಯುವ ಶಸ್ತ್ರಚಿಕಿತ್ಸೆಗೆ ತಂದರು.

ಹೃದಯದ ಸ್ನಾಯುವನ್ನು ಘನೀಕರಿಸಿದರೆ ಏನಾಗುತ್ತದೆಂದು ಜಾರ್ಜ್ ಹ್ಯಾಸ್ ಮತ್ತು ಬ್ರೂಸ್ ಟೇಲರ್ 1948ರಲ್ಲೇ ಪ್ರಾಣಿಗಳಲ್ಲಿ ನೋಡಿದ್ದರು. ಗಾಯದ ಅಂಚು ಕತ್ತರಿಸಿಟ್ಟಷ್ಟು ಸ್ಪಷ್ಟ. ಕೋಶಗಳು ಸತ್ತರೂ ಅಂಗಾಂಶದ ಹಂದರ ಹಾಗೇ ಉಳಿಯುತ್ತಿತ್ತು, ಗೋಡೆ ಹಿಗ್ಗಿ ಒಡೆಯುತ್ತಿರಲಿಲ್ಲ. ಇದಕ್ಕೆ ಕಾರಣ ಚಳಿ ಕೊಲ್ಲುವ ಬಗೆ. ಮೊದಲು ಕೋಶಗಳ ಹೊರಗಿನ ನೀರು ಹರಳುಗಟ್ಟುತ್ತದೆ. ಒಳಗಿನ ನೀರು ಹೊರಗೆ ಸೆಳೆಯಲ್ಪಟ್ಟು ಕೋಶ ಮುದುಡುತ್ತದೆ. ಇನ್ನೂ ತಣ್ಣಗಾದರೆ ಕೋಶದ ಒಳಗೇ ಹರಳು ಹುಟ್ಟಿ ಪೊರೆಗಳನ್ನು ಹರಿಯುತ್ತದೆ. ಕರಗುವಾಗ ನೀರು ಒಮ್ಮೆಲೇ ಒಳನುಗ್ಗಿ ಉಳಿದದ್ದನ್ನೂ ಮುಗಿಸುತ್ತದೆ. ಆದರೆ ಕೋಶಗಳನ್ನು ಹಿಡಿದಿಟ್ಟ ಕೊಲಾಜೆನ್ ನಾರುಗಳಿಗೆ ಇದ್ಯಾವುದೂ ತಟ್ಟುವುದಿಲ್ಲ. ಕೆಲವು ವಾರಗಳಲ್ಲಿ ಅಲ್ಲಿ ವಿದ್ಯುತ್ ಹಾಯಿಸದ, ನುಣುಪಾದ, ಗಟ್ಟಿ ಕಲೆ ಉಳಿಯುತ್ತದೆ.

1977ರಲ್ಲಿ ಇವೆಲ್ಲ ಎಳೆಗಳು ಮತ್ತೆ ಡ್ಯೂಕ್‌ನಲ್ಲೇ ಕೂಡಿದವು. ಜಾನ್ ಗ್ಯಾಲಘರ್, ಸೀಲಿ ಮತ್ತು ಸಂಗಡಿಗರು ತೆರೆದ ಹೃದಯದ ಮೇಲೆ ನೈಟ್ರಸ್ ಆಕ್ಸೈಡ್ ಸಲಾಕೆಯಿಟ್ಟು ಕಳ್ಳದಾರಿಯನ್ನು ಘನೀಕರಿಸಿದ ವರದಿ ಆ ವರ್ಷ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಏವಿ ಗಂಟನ್ನೇ ಬೇಕೆಂದು ಮುಚ್ಚುವ ಇನ್ನೊಂದು ವಿಧಾನವನ್ನೂ ಅವರು ಬರೆದರು. ಮೊದಲು ಲಘುವಾಗಿ ತಣಿಸಿ ಸರಿಯಾದ ಜಾಗ ಖಚಿತಪಡಿಸಿಕೊಳ್ಳುವುದು, ಆಮೇಲೆ ಸೊನ್ನೆಗಿಂತ ಕೆಳಗೆ 60 ಡಿಗ್ರಿಯ ಆಸುಪಾಸಿಗೆ ಇಳಿಸುವುದು. ಶಸ್ತ್ರಚಿಕಿತ್ಸಕ ಜೇಮ್ಸ್ ಕಾಕ್ಸ್ ಇದೇ ಸಲಾಕೆಯನ್ನು ಏವಿ ಗಂಟಿನ ಸುತ್ತ ಚುಕ್ಕೆ ಚುಕ್ಕೆಯಾಗಿ ಇಡುವುದನ್ನು ರೂಢಿಸಿದರು. ಮುಂದೆ 1987ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಮೇಲಿನ ಕೋಣೆಗಳು ಲಯವಿಲ್ಲದೆ ಅದುರುವ ಏಟ್ರಿಯಲ್ ಫಿಬ್ರಿಲೇಷನ್‌ಗೆ ಮೇಜ್ ಎಂಬ ಶಸ್ತ್ರಚಿಕಿತ್ಸೆ ಮಾಡಿದವರೂ ಇವರೇ. ಎಲ್ಲಕ್ಕೂ ಎದೆಯನ್ನೇ ತೆರೆಯಬೇಕಿತ್ತು. ಬಡಿತ ಓಡುವ ಕಾಯಿಲೆಗೆ ಎದೆಯ ಮೂಳೆ ಸೀಳುವುದು ರೋಗಿಗಳ ದೃಷ್ಟಿಯಿಂದ ಬಲು ದುಬಾರಿ ಬೆಲೆ.

ಎದೆ ತೆರೆಯದೆ ಹೃದಯ ಮುಟ್ಟುವ ದಾರಿ ಅಷ್ಟರಲ್ಲಿ ಸಿದ್ಧವಾಗಿತ್ತು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡ್‌ನ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ಅಭಿಧಮನಿಗೆ ಕ್ಯಾತಿಟರ್ ಎಂಬ ಸಪೂರ ನಳಿಗೆ ತೂರಿಸಿ ಹೃದಯದವರೆಗೆ ಕಳಿಸಿ ಎಕ್ಸ್‌ರೇ ತೆಗೆಸಿಕೊಂಡಿದ್ದರು. 1969ರಲ್ಲಿ ಬೆಂಜಮಿನ್ ಶೆರ್ಲಾಗ್ ಕ್ಯಾತಿಟರಿನ ತುದಿಯಿಂದಲೇ ಏವಿ ಗಂಟಿನ ಕೆಳಗಿನ ಹಿಸ್ ಕಂತೆಯ ಸಂಕೇತವನ್ನು ದಾಖಲಿಸುವುದು ಹೇಗೆಂದು ತೋರಿಸಿಕೊಟ್ಟರು. ಸಂಕೇತ ಓದುವ ತಂತಿಯಿಂದ ಚಿಕಿತ್ಸೆಯನ್ನೂ ಏಕೆ ಮಾಡಬಾರದು ಎಂಬ ಪ್ರಶ್ನೆಗೆ ಮೊದಲ ಉತ್ತರ ಒಂದು ಅಪಘಾತದಿಂದ ಬಂತು. ಪ್ಯಾರಿಸ್‌ನಲ್ಲಿ ಪರೀಕ್ಷೆಯ ನಡುವೆ ರೋಗಿಗೆ ಕೊಟ್ಟ ಶಾಕ್ ಒಳಗಿದ್ದ ಕ್ಯಾತಿಟರಿಗೆ ಹರಿದು ಮೇಲಿನಿಂದ ಕೆಳಗಿಳಿಯುವ ಸಂಕೇತ ಶಾಶ್ವತವಾಗಿ ಕಡಿದುಹೋಗಿತ್ತು. ಆ ವರದಿ ಪ್ರಕಟವಾದದ್ದು 1979ರಲ್ಲಿ. 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೆಲ್ವಿನ್ ಶೈನ್‌ಮನ್ ಬೇಕೆಂದೇ ಅದನ್ನು ಮಾಡಿದರು. ಗ್ಯಾಲಘರ್ ಕೂಡ ಅದೇ ಹೊತ್ತಿಗೆ ಅದೇ ದಾರಿ ಹಿಡಿದಿದ್ದರು. ಶಾಕ್ ಎಂದರೆ ಹೃದಯದೊಳಗೆ ಒಂದು ಪುಟ್ಟ ಸ್ಫೋಟ. ಎಲ್ಲಿಯವರೆಗೆ ಸುಡುತ್ತದೆಂದು ಹಿಡಿತದಲ್ಲಿಡಲು ಬರುತ್ತಿರಲಿಲ್ಲ.

ಹತ್ತೇ ವರ್ಷದಲ್ಲಿ ರೇಡಿಯೊ ತರಂಗಾಂತರದ ವಿದ್ಯುತ್ತು ಆ ಶಾಕನ್ನು ಮೂಲೆಗೆ ತಳ್ಳಿತು. ಅದು ಕ್ಯಾತಿಟರಿನ ತುದಿಯಲ್ಲಿ ಅಂಗಾಂಶವನ್ನು ನಿಧಾನವಾಗಿ ಬಿಸಿ ಮಾಡುತ್ತದೆ; ಸುಮಾರು 50 ಡಿಗ್ರಿ ದಾಟಿದರೆ ಕೋಶಗಳು ಸಾಯುತ್ತವೆ. 1991ರಲ್ಲಿ ಒಕ್ಲಹೋಮದ ವಾರೆನ್ ಜ್ಯಾಕ್‌ಮನ್ ಕಳ್ಳದಾರಿಯಿದ್ದ 166 ರೋಗಿಗಳ ಫಲಿತಾಂಶ ಪ್ರಕಟಿಸಿದಾಗ ನೂರಕ್ಕೆ 99ರಷ್ಟು ಯಶಸ್ಸು ಕಂಡಿತ್ತು. ತೊಡೆಸಂದಿನಲ್ಲಿ ಒಂದು ಚುಚ್ಚು, ಎರಡು ದಿನದಲ್ಲಿ ಮನೆಗೆ. ಡ್ಯೂಕ್‌ನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಎರಡು ದಶಕ ಕಟ್ಟಿದ ವಿದ್ಯೆಯನ್ನು ಅದು ಕೆಲವೇ ವರ್ಷದಲ್ಲಿ ಹಳೆಯದಾಗಿಸಿತು.

ಹಾಗಾದರೆ ಚಳಿಯ ಗೊಡವೆ ಏಕೆ? ಬಿಸಿಗೂ ಚಾಕುವಿನ ದೋಷವೇ ಇತ್ತು. 50 ಡಿಗ್ರಿ ದಾಟಿದ ಕೋಶ ವಾಪಸು ಬರುವುದಿಲ್ಲ. ಏವಿ ಗಂಟಿನ ಪಕ್ಕದಲ್ಲಿ ಸುಡುವ ವೈದ್ಯರಿಗೆ ಪರದೆಯ ಮೇಲಿನ ಗೆರೆಗಳಲ್ಲಿ ಒಂದು ಎಚ್ಚರಿಕೆ ಕಾಣಬಹುದು. ಕಂಡ ಕೂಡಲೇ ವಿದ್ಯುತ್ ನಿಲ್ಲಿಸಬೇಕು. ಕೆಲವೊಮ್ಮೆ ಅಷ್ಟರಲ್ಲೇ ಕೆಲಸ ಕೆಟ್ಟಿರುತ್ತದೆ. ಎಪ್ಪತ್ತು ವರ್ಷದವರಿಗೆ ಪೇಸ್‌ಮೇಕರ್ ಬಂದರೆ ಅದರೊಂದಿಗೆ ಹೊಂದಿಕೊಂಡು ಹೋಗಬಹುದು. ಹತ್ತು ವರ್ಷದ ಮಗುವಿಗೆ ಬಂದರೆ? ಬ್ಯಾಟರಿ ಮುಗಿದಾಗಲೆಲ್ಲ ಮತ್ತೆ ಶಸ್ತ್ರಚಿಕಿತ್ಸೆ, ಬೆಳೆಯುವ ಮೈಯೊಳಗೆ ಎಳೆದಾಡುವ ತಂತಿಗಳು, ಸೋಂಕಿನ ಭಯ, ಜೀವಮಾನವಿಡೀ. ಗುಣವಾಗಬಹುದಾಗಿದ್ದ, ಹೆಚ್ಚಿನ ಸಲ ಪ್ರಾಣಕ್ಕೆ ಅಪಾಯವೂ ಇಲ್ಲದ ಒಂದು ಕಾಯಿಲೆಗೆ ಈ ಬೆಲೆ. ಕ್ಯಾತಿಟರಿನ ಮೂಲಕ ಘನೀಕರಿಸುವ ಮೊದಲ ಪ್ರಯತ್ನಗಳಲ್ಲೊಂದನ್ನು ಮಾಡಿದವರು ಮಕ್ಕಳ ಹೃದ್ರೋಗ ತಜ್ಞ ಪಾಲ್ ಗಿಲೆಟ್ ಎಂಬುದರಲ್ಲಿ ನನಗೆ ಆಶ್ಚರ್ಯವಿಲ್ಲ. ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಅವರ ತಂಡ ಹಂದಿಗಳ ಹೃದಯದ ಮೇಲೆ ಇದನ್ನು ಪ್ರಯೋಗಿಸಿ 1991ರಲ್ಲಿ, ಜ್ಯಾಕ್‌ಮನ್ ಗೆಲುವು ಸಾರಿದ ಅದೇ ವರ್ಷ, ವರದಿ ಮಾಡಿತು.

ಹೇಳಿದಷ್ಟು ಸುಲಭದ ಕೆಲಸವಲ್ಲ ಇದು. ತೊಡೆಯಿಂದ ಹೃದಯದವರೆಗೆ ಬಳುಕುತ್ತ ಹೋಗಬೇಕಾದ, ಎರಡು ಮೂರು ಮಿಲಿಮೀಟರ್ ದಪ್ಪದ ಒಂದು ನಳಿಗೆ. ಅದರ ಒಳಗೆ ಇನ್ನೂ ಸಪೂರವಾದ ಇನ್ನೊಂದು ನಳಿಗೆ, ಅದರಲ್ಲಿ ಒತ್ತಡದಲ್ಲಿರುವ ದ್ರವ ನೈಟ್ರಸ್ ಆಕ್ಸೈಡ್. ಅರಿವಳಿಕೆಗೆಂದು ಆಸ್ಪತ್ರೆಗಳು ಬಹುಕಾಲದಿಂದ ಬಳಸುವ ಅನಿಲವೇ. ತುದಿಯ ಟೊಳ್ಳಿನಲ್ಲಿ ಅದು ಚಿಮ್ಮಿ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಆವಿಯನ್ನು ಹೊರನಳಿಗೆಯಿಂದ ನಿರ್ವಾತದಲ್ಲಿ ವಾಪಸು ಎಳೆದುಕೊಳ್ಳಬೇಕು. ಎಲ್ಲಾದರೂ ಸೋರಿದರೆ ಅನಿಲ ರಕ್ತಕ್ಕೆ ಹೋಗುತ್ತದೆ, ಆದ್ದರಿಂದ ಸೋರಿಕೆ ಕಂಡ ಕ್ಷಣ ಯಂತ್ರ ತಾನೇ ನಿಲ್ಲಬೇಕು. ಇಷ್ಟು ಸಾಲದೆಂಬಂತೆ ತುದಿಯ ಸುತ್ತ 37 ಡಿಗ್ರಿಯ ಬಿಸಿ ರಕ್ತ ಬಿಡುವಿಲ್ಲದೆ ಹರಿಯುತ್ತಿರುತ್ತದೆ. ತೆರೆದ ಹೃದಯದ ಶಸ್ತ್ರಚಿಕಿತ್ಸಕರಿಗೆ ಈ ಕಷ್ಟ ಇಷ್ಟಿರಲಿಲ್ಲ.

ಈ ತೊಡಕುಗಳನ್ನು ಬಿಡಿಸಿದ್ದು ಕೆನಡಾದ ಮಾಂಟ್ರಿಯಲ್ ನಗರ. ಅಲ್ಲಿನ ಹಾರ್ಟ್ ಇನ್‌ಸ್ಟಿಟ್ಯೂಟ್‌ನ ಮಾರ್ಕ್ ಡುಬುಕ್ ಮತ್ತು ಕ್ರಯೊಕ್ಯಾತ್ ಎಂಬ ಕಂಪನಿ 1990ರ ದಶಕದ ಕೊನೆಯಲ್ಲಿ ನಾಯಿಗಳಲ್ಲಿ, ಆಮೇಲೆ ಮನುಷ್ಯರಲ್ಲಿ ಇದನ್ನು ಪಳಗಿಸಿದರು. ತುದಿಯನ್ನು ಬೇಕಾದತ್ತ ತಿರುಗಿಸಬಹುದಾದ, ಸಂಕೇತ ಓದುವ ವಿದ್ಯುದ್ವಾರಗಳೂ ಇರುವ ಕ್ಯಾತಿಟರ್ ಅದು. ‘ಫ್ರೀಜರ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸೊನ್ನೆಗಿಂತ ಕೆಳಗೆ 70ರಿಂದ 80 ಡಿಗ್ರಿಯವರೆಗೆ ಇಳಿಯಬಲ್ಲದು. ಒಂಟಾರಿಯೊದ ಲಂಡನ್ ನಗರದ ಆ್ಯಲನ್ ಸ್ಕೇನ್ಸ್ ಮತ್ತು ಸಂಗಡಿಗರು 2000ದಲ್ಲಿ ಏವಿ ಗಂಟಿನ ಒಳಗೇ ಸುತ್ತು ಏರ್ಪಡುವ ಎವಿಎನ್‌ಆರ್‌ಟಿ ಎಂಬ ತೊಂದರೆಗೆ ಅದನ್ನು ಬಳಸಿದ ವರದಿ ಕೊಟ್ಟರು. ಅಮೆರಿಕದ ಔಷಧ ಮತ್ತು ಉಪಕರಣ ನಿಯಂತ್ರಕ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ 2003ರಲ್ಲಿ ಬಂತು.

ಕ್ಯಾಥ್ ಲ್ಯಾಬಿನಲ್ಲಿ ಇದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಎವಿಎನ್‌ಆರ್‌ಟಿ ಇರುವ ಒಂದು ಹುಡುಗಿ ಮಲಗಿದ್ದಾಳೆಂದು ಇಟ್ಟುಕೊಳ್ಳಿ. ವೈದ್ಯರು ತುದಿಯನ್ನು ಏವಿ ಗಂಟಿನ ಕೆಳಗೆ, ಸುತ್ತಿಗೆ ಕಾರಣವಾದ ನಿಧಾನ ದಾರಿಯ ಮೇಲಿಟ್ಟು ತಾಪವನ್ನು ಸೊನ್ನೆಗಿಂತ ಕೆಳಗೆ 30ಕ್ಕೆ ಇಳಿಸುತ್ತಾರೆ. ಫ್ರೀಜರಿನಿಂದ ತೆಗೆದ ಐಸ್ ಟ್ರೇಗೆ ಒದ್ದೆ ಬೆರಳು ಅಂಟಿಕೊಳ್ಳುವ ಹಾಗೆ ತುದಿ ಹೃದಯದ ಗೋಡೆಗೆ ಅಂಟಿಕೊಳ್ಳುತ್ತದೆ. ಹೃದಯ ಎಷ್ಟೇ ಬಡಿದರೂ ಅದು ಜಾರುವುದಿಲ್ಲ, ಆದ್ದರಿಂದ ನಿಶ್ಚಿಂತೆಯಾಗಿ ಪರೀಕ್ಷೆ ಮಾಡಬಹುದು. ಪರದೆಯ ಮೇಲೆ ಕಣ್ಣು ನೆಟ್ಟು ಕೂತ ತಂತ್ರಜ್ಞರು ಮೇಲಿನ ಕೋಣೆಯ ಮಿಡಿತಕ್ಕೂ ಕೆಳಗಿನ ಕೋಣೆಯ ಮಿಡಿತಕ್ಕೂ ನಡುವಿನ ಅಂತರವನ್ನು ಒಂದೊಂದೇ ಬಡಿತಕ್ಕೆ ಅಳೆಯುತ್ತಿರುತ್ತಾರೆ. ಕಾಯಿಲೆಯ ಓಟವನ್ನು ಬೇಕೆಂದು ಎಬ್ಬಿಸಿ ನೋಡುತ್ತಾರೆ. ಏಳಲಿಲ್ಲ, ಅಂತರವೂ ಬೆಳೆಯಲಿಲ್ಲ ಎಂದರೆ ಜಾಗ ಸರಿ; ಆಗ 70-80ಕ್ಕೆ ಇಳಿಸಿ ಸುಮಾರು ನಾಲ್ಕು ನಿಮಿಷ ಹಿಡಿಯುತ್ತಾರೆ. ಅಂತರ ಬೆಳೆಯತೊಡಗಿದರೆ ತಕ್ಷಣ ಅನಿಲ ನಿಲ್ಲಿಸುತ್ತಾರೆ. ಬಿಸಿ ರಕ್ತವೇ ಹಿಮವನ್ನು ಕರಗಿಸುತ್ತದೆ, ಬಾಗಿಲು ಮತ್ತೆ ತೆರೆಯುತ್ತದೆ. ಮಾಂಟ್ರಿಯಲ್‌ನವರ 1999ರ ಪ್ರಬಂಧ ಹೇಳಿದ್ದು ಮುಖ್ಯವಾಗಿ ಇದನ್ನೇ: ತಣಿಸಿ ನೋಡಿ ಹಿಂದಕ್ಕೆ ಬರಬಹುದು.

ಒಬ್ಬ ವೈದ್ಯನಿಗೆ ತನ್ನ ಕೈಕೆಲಸವನ್ನು ಅರ್ಧದಲ್ಲಿ ನಿಲ್ಲಿಸಿ, ಏನೂ ಆಗದ ಹಾಗೆ ಬಿಟ್ಟುಬಿಡುವ ಸ್ವಾತಂತ್ರ್ಯ ಸಿಗುವುದು ಎಷ್ಟು ಅಪರೂಪ! ವೇಗ, ಶಕ್ತಿ, ನಿಖರತೆಗಳ ಬಗ್ಗೆ ವೈದ್ಯಕೀಯ ಇತಿಹಾಸದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಘನೀಕರಿಸುವ ಈ ಕ್ಯಾತಿಟರಿಗೆ ಈ ಮೂರರಲ್ಲಿ ಯಾವುದರಲ್ಲೂ ಮೊದಲ ಸ್ಥಾನವಿಲ್ಲ. ಅದು ಕೊಟ್ಟದ್ದು ಮರುಯೋಚನೆಗೆ ಕೆಲವು ಸೆಕೆಂಡು. ಆ ಕೆಲವು ಸೆಕೆಂಡಿನ ಬೆಲೆ ಮಕ್ಕಳ ತಾಯಿತಂದೆಗೆ ಗೊತ್ತು.

ಬೆಲೆ ಕೊಡಬೇಕಾದ್ದೂ ಇತ್ತು. 2010ರಲ್ಲಿ ಪ್ರಕಟವಾದ ಸಿರಾನೊ ಅಧ್ಯಯನದಲ್ಲಿ ಎವಿಎನ್‌ಆರ್‌ಟಿಯ 509 ರೋಗಿಗಳನ್ನು ಬಿಸಿ ಮತ್ತು ಚಳಿಯ ನಡುವೆ ಹಂಚಿದರು. ಕಾಯಿಲೆ ಮರುಕಳಿಸಿದ್ದು ಬಿಸಿಯಲ್ಲಿ ನೂರಕ್ಕೆ 4.4, ಚಳಿಯಲ್ಲಿ 9.4. ಏವಿ ಗಂಟು ಶಾಶ್ವತವಾಗಿ ಕೆಟ್ಟದ್ದು ಬಿಸಿಯಲ್ಲಿ 0.4, ಚಳಿಯಲ್ಲಿ ಒಂದೂ ಇಲ್ಲ. ಈ ಎರಡು ಸಾಲಿನ ಅಂಕಿಗಳನ್ನು ಓದಿ ಹಲವು ವೈದ್ಯರು ಬಿಸಿಯೇ ಮೇಲು ಎಂದರು, ಅದರಲ್ಲಿ ತಪ್ಪಿಲ್ಲ. ಮರುಕಳಿಸಿದರೆ ಇನ್ನೊಮ್ಮೆ ಮಾಡಬಹುದು, ಕೆಟ್ಟ ಗಂಟನ್ನು ಮಾತ್ರ ಯಾರೂ ಹಿಂದಕ್ಕೆ ತರಲಾರರು. ಮುಂದಿರುವ ರೋಗಿಯ ವಯಸ್ಸು ನೋಡಿ ತೂಗಬೇಕಾದ ತಕ್ಕಡಿ ಇದು, ಎಲ್ಲರಿಗೂ ಒಂದೇ ಉತ್ತರವಿಲ್ಲ.

ಚಳಿಗೆ ದೊಡ್ಡ ಹೆಸರು ಬಂದದ್ದು ಇಲ್ಲಿಂದಲ್ಲ, ಏಟ್ರಿಯಲ್ ಫಿಬ್ರಿಲೇಷನ್‌ನಿಂದ. ಮೇಲಿನ ಕೋಣೆಗಳು ಲಯವೇ ಇಲ್ಲದೆ ಅದುರುವ, ರಕ್ತ ನಿಂತು ಹೆಪ್ಪುಗಟ್ಟಿ ಪಾರ್ಶ್ವವಾಯುವಿಗೆ ದಾರಿ ಮಾಡುವ ಈ ಕಾಯಿಲೆ ವಯಸ್ಸಾದಂತೆ ಹೆಚ್ಚುತ್ತದೆ. 1998ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಮಿಶೆಲ್ ಹೈಸಗೇರ್ ಮತ್ತು ಸಂಗಡಿಗರು 45 ರೋಗಿಗಳನ್ನು ಪರೀಕ್ಷಿಸಿ, ಅದುರುವಿಕೆಯ ಕಿಡಿ ಹೊತ್ತಿಸುವ 69 ಚುಕ್ಕೆ ಗುರುತಿಸಿದರು. ಅವುಗಳಲ್ಲಿ ನೂರಕ್ಕೆ 94ರಷ್ಟು, ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳ ಒಳಗಿದ್ದವು. ಹಾಗಾದರೆ ಆ ನಾಲ್ಕು ನಾಳಗಳ ಬಾಯಿಯ ಸುತ್ತ ತಡೆಗೋಡೆ ಕಟ್ಟಿದರಾಯಿತು. ಬಿಸಿಯಿಂದ ಮಾಡುವವರು ಚುಕ್ಕೆಯ ಪಕ್ಕ ಚುಕ್ಕೆಯಿಟ್ಟು ಗಂಟೆಗಟ್ಟಲೆ ವೃತ್ತ ಬಿಡಿಸುತ್ತಿದ್ದರು. ಎಲ್ಲೋ ಒಂದು ಚುಕ್ಕೆ ತಪ್ಪಿದರೂ ಕಿಡಿ ಅಲ್ಲಿಂದ ನುಸುಳುತ್ತಿತ್ತು.

ಮಾಂಟ್ರಿಯಲ್‌ನ ಅದೇ ಕಂಪನಿ ಇದಕ್ಕೆ ಬಲೂನು ಮಾಡಿತು. ಹೃತ್ಕರ್ಣಗಳ ನಡುವಿನ ಗೋಡೆಯನ್ನು ಸೂಜಿಯಿಂದ ದಾಟಿ, ಎಡಗಡೆ ಬಲೂನನ್ನು ಉಬ್ಬಿಸಿ ಅಭಿಧಮನಿಯ ಬಾಯಿಗೆ ಒತ್ತಿ ಹಿಡಿಯುವುದು. ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಎಲ್ಲೂ ಸಂದಿ ಇಲ್ಲವೆಂದು ನೋಡುವುದು. ಆಮೇಲೆ ಒಂದೇ ಸಲಕ್ಕೆ ಇಡೀ ವೃತ್ತವನ್ನು ಘನೀಕರಿಸುವುದು. 23 ಮತ್ತು 28 ಮಿಲಿಮೀಟರ್ ಎಂಬ ಎರಡು ಅಳತೆ. ಹೆಸರು ‘ಆರ್ಕ್ಟಿಕ್ ಫ್ರಂಟ್’. 2008ರಲ್ಲಿ ಜರ್ಮನಿಯ ಬಾಡ್ ನೌಹೈಮ್‌ನ ತಂಡ ಸೇರಿದಂತೆ ಕೆಲವರು 346 ರೋಗಿಗಳ ಅನುಭವ ಬರೆದರು. ಅದೇ ವರ್ಷ ಮೆಡ್‌ಟ್ರಾನಿಕ್ ಕ್ರಯೊಕ್ಯಾತನ್ನು ಕೊಂಡುಕೊಂಡಿತು. 2010ರ ಡಿಸೆಂಬರಿನಲ್ಲಿ ಎಫ್‌ಡಿಎ ಬಲೂನಿಗೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲಿ ಔಷಧಿ ಫಲಿಸದ 245 ರೋಗಿಗಳಿದ್ದರು. ವರ್ಷದ ಕೊನೆಗೆ ಚಿಕಿತ್ಸೆ ಫಲಿಸಿದ್ದು ಬಲೂನಿನವರಲ್ಲಿ ನೂರಕ್ಕೆ 69.9, ಔಷಧಿಯವರಲ್ಲಿ 7.3.

ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತು. ಬಲಗಡೆಯ ಅಭಿಧಮನಿಗಳ ಹೊರಗೆ, ಬಲು ಹತ್ತಿರದಲ್ಲಿ, ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ಆಡಿಸುವ ಫ್ರೆನಿಕ್ ನರ ಹಾದುಹೋಗುತ್ತದೆ. ಚಳಿ ಗೋಡೆ ದಾಟಿ ಅದನ್ನೂ ಮುಟ್ಟಿತು. ನೂರು ಚಿಕಿತ್ಸೆಗೆ 11ರಷ್ಟರಲ್ಲಿ ವಪೆ ಒಂದು ಬದಿ ನಿಶ್ಚಲವಾಯಿತು. ಬಹುಪಾಲು ಮಂದಿಗೆ ಸರಿಹೋಯಿತು, ನಾಲ್ವರಿಗೆ ವರ್ಷ ಕಳೆದರೂ ಆಗಲಿಲ್ಲ. ಏರಿಳಿಯುವ ಮೆಟ್ಟಿಲಲ್ಲಿ ಉಸಿರು ಕಟ್ಟುವವರಿಗೆ ಇದು ಸಣ್ಣ ಮಾತಲ್ಲ.

ಇದಕ್ಕೆ ವೈದ್ಯರು ಕಂಡುಕೊಂಡ ಕಾವಲು ಯಾವ ದುಬಾರಿ ಯಂತ್ರವೂ ಅಲ್ಲ. ಬಲಗಡೆಯ ನಾಳ ಘನೀಕರಿಸುವಾಗ ಮೇಲಿನ ಮಹಾಅಭಿಧಮನಿಯಲ್ಲಿಟ್ಟ ಇನ್ನೊಂದು ಕ್ಯಾತಿಟರಿನಿಂದ ಆ ನರಕ್ಕೆ ಮತ್ತೆ ಮತ್ತೆ ಸಣ್ಣ ವಿದ್ಯುತ್ ಕೊಡುತ್ತಾರೆ. ಪ್ರತಿ ಸಲವೂ ವಪೆ ಬಿಕ್ಕಳಿಕೆ ಬಂದಂತೆ ಒದೆಯುತ್ತದೆ. ತಂಡದ ಒಬ್ಬರು ರೋಗಿಯ ಬಲಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು ಆ ಒದೆತವನ್ನು ಎಣಿಸುತ್ತ ನಿಂತಿರುತ್ತಾರೆ. ಒದೆತ ಕುಂದಿತೆಂದು ಅಂಗೈಗೆ ಅನಿಸಿದ ಮರುಕ್ಷಣ ‘ಸ್ಟಾಪ್’ ಎನ್ನುತ್ತಾರೆ, ಅನಿಲ ನಿಲ್ಲುತ್ತದೆ, ಬಲೂನು ಕುಗ್ಗುತ್ತದೆ. ಹಿಮ ಕರಗಿದರೆ ನರ ಮರಳಿ ಬರುವ ಸಾಧ್ಯತೆ ದೊಡ್ಡದು. ಕೂಪರ್ ತಮ್ಮ ರೋಗಿಯ ಕೈ ಹಿಡಿದು ನೋಡುತ್ತಿದ್ದ ಅದೇ ಎಚ್ಚರ ಇಲ್ಲೂ ಕೆಲಸ ಮಾಡುತ್ತಿದೆ.

2012ರಲ್ಲಿ ಎರಡನೆಯ ತಲೆಮಾರಿನ ಬಲೂನು ಬಂತು. ಮೊದಲಿನದರಲ್ಲಿ ಅನಿಲ ಚಿಮ್ಮುವ ರಂಧ್ರ ನಾಲ್ಕು, ಇದರಲ್ಲಿ ಎಂಟು. ಬಲೂನಿನ ಮುಂಭಾಗ ಪೂರ್ತಿ ಸಮನಾಗಿ ತಣ್ಣಗಾಗತೊಡಗಿತು. 2016ರಲ್ಲಿ ಹ್ಯಾಂಬರ್ಗಿನ ಕಾರ್ಲ್-ಹೈನ್ಸ್ ಕುಕ್ ಮುಂದಾಳತ್ವದ ‘ಫೈರ್ ಅಂಡ್ ಐಸ್’ ಅಧ್ಯಯನ ಯುರೋಪಿನ ಎಂಟು ದೇಶಗಳ 762 ರೋಗಿಗಳಲ್ಲಿ ಬೆಂಕಿ ಮತ್ತು ಮಂಜನ್ನು ಎದುರುಬದುರು ನಿಲ್ಲಿಸಿತು. ವರ್ಷದೊಳಗೆ ಚಿಕಿತ್ಸೆ ಸೋತದ್ದು ಮಂಜಿನಲ್ಲಿ ನೂರಕ್ಕೆ 34.6, ಬೆಂಕಿಯಲ್ಲಿ 35.9. ಫ್ರೆನಿಕ್ ನರದ ತೊಂದರೆ 2.7ಕ್ಕೆ ಇಳಿದಿತ್ತು. ಗೆದ್ದವರಿಲ್ಲ, ಸೋತವರಿಲ್ಲ. ಆದರೂ ಕೈಚಳಕ ಬೇಗ ಕೂಡಿಬರುವ ಕಾರಣಕ್ಕೆ ಬಲೂನು ಸಣ್ಣ ಆಸ್ಪತ್ರೆಗಳಿಗೂ ಹರಡಿತು. 2021ರಲ್ಲಿ ಕೆನಡಾದ ಜೇಸನ್ ಆಂಡ್ರೇಡ್ ತಂಡ ಹಿಂದೆ ಔಷಧಿಯನ್ನೇ ತೆಗೆದುಕೊಂಡಿರದ 303 ರೋಗಿಗಳಲ್ಲಿ ಮೊದಲ ಚಿಕಿತ್ಸೆಯಾಗಿಯೇ ಬಲೂನು ಬಳಸಿ ನೋಡಿತು. ಚರ್ಮದಡಿ ಇಟ್ಟ ಯಂತ್ರದಿಂದ ಹಗಲಿರುಳು ಲಯ ದಾಖಲಿಸಿದ್ದರಿಂದ ಈ ಅಂಕಿಗಳಿಗೆ ಹೆಚ್ಚು ಬೆಲೆ: ವರ್ಷದಲ್ಲಿ ಮರುಕಳಿಸಿದ್ದು ಬಲೂನಿನವರಲ್ಲಿ ನೂರಕ್ಕೆ 42.9, ಔಷಧಿಯವರಲ್ಲಿ 67.8. ಗೆಲುವು ನಿಜ, ಆದರೆ ಚಿಕಿತ್ಸೆ ಮಾಡಿಸಿಕೊಂಡ ಹತ್ತರಲ್ಲಿ ನಾಲ್ವರಿಗೆ ಅದು ಮತ್ತೆ ಬಂತು ಎಂಬುದೂ ನಿಜ. ಜಾಹೀರಾತುಗಳಲ್ಲಿ ಈ ಎರಡನೆಯ ಅರ್ಧ ಕಾಣುವುದಿಲ್ಲ.

ನಮ್ಮವರು ಓದಿಕೊಳ್ಳಬೇಕಾದ ಇನ್ನೊಂದು ಅಂಶವಿದೆ. ಈ ಅಧ್ಯಯನಗಳ ರೋಗಿಗಳಲ್ಲಿ ಬಹುಪಾಲು ಕವಾಟದ ಕಾಯಿಲೆ ಇಲ್ಲದವರು. ಭಾರತದಲ್ಲಿ ಏಟ್ರಿಯಲ್ ಫಿಬ್ರಿಲೇಷನ್‌ನ ಒಂದು ದೊಡ್ಡ ಪಾಲು ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರದು. ಅವರ ಎಡ ಹೃತ್ಕರ್ಣ ವರ್ಷಗಟ್ಟಲೆ ಒತ್ತಡ ತಿಂದು ಹಿಗ್ಗಿರುತ್ತದೆ, ನಾಲ್ಕು ನಾಳಗಳ ಸುತ್ತ ಬೇಲಿ ಹಾಕಿದ ಮಾತ್ರಕ್ಕೆ ಅದು ಲಯಕ್ಕೆ ಬರಲಾರದು. ಗಂಟಲು ನೋವಿಗೆ ಹೊತ್ತಿಗೆ ಸರಿಯಾಗಿ ಪೆನ್ಸಿಲಿನ್ ಕೊಟ್ಟರೆ ತಪ್ಪಿಸಬಹುದಾದ ಕಾಯಿಲೆ ಅದು. ಬೋರ್ಡೊ ಮತ್ತು ಹ್ಯಾಂಬರ್ಗಿನ ಅಂಕಿಗಳನ್ನು ನಮ್ಮ ಜಿಲ್ಲಾಸ್ಪತ್ರೆಯ ಸಾಲಿಗೆ ಹಾಗೇ ತಂದು ಹಚ್ಚುವುದು ತಪ್ಪು.

ಬಲೂನಿನ ಸರದಿಯೂ ಈಗ ಮಗ್ಗುಲು ಬದಲಿಸುತ್ತಿದೆ. ಬಿಸಿಯೂ ಅಲ್ಲದ ಚಳಿಯೂ ಅಲ್ಲದ ಮೂರನೆಯ ವಿಧಾನ, ಕ್ಷಣಾರ್ಧದ ವಿದ್ಯುತ್ ಕ್ಷೇತ್ರದಿಂದ ಕೋಶಗಳ ಪೊರೆಯಲ್ಲಿ ರಂಧ್ರ ತೆಗೆಯುವ ಪಲ್ಸ್ಡ್ ಫೀಲ್ಡ್, 2023ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಪಕ್ಕದ ನರ ಮತ್ತು ಅನ್ನನಾಳಕ್ಕೆ ಅದರಿಂದ ಹಾನಿ ಕಡಿಮೆ. 2025ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಅಧ್ಯಯನ 210 ರೋಗಿಗಳಲ್ಲಿ ಅದನ್ನು ಬಲೂನಿನೊಂದಿಗೆ ಹೋಲಿಸಿತು: ವರ್ಷದಲ್ಲಿ ಮರುಕಳಿಸಿದ್ದು ಹೊಸದರಲ್ಲಿ ನೂರಕ್ಕೆ 37.1, ಬಲೂನಿನಲ್ಲಿ 50.7. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಮಂಜಿನ ಬಲೂನು ಬಹುಕಾಲ ಮುಂದಿನ ಸಾಲಿನಲ್ಲಿ ಇರಲಾರದೆಂದೇ ನನ್ನ ಎಣಿಕೆ.

ಗಿಲೆಟ್ ಮತ್ತು ಡುಬುಕ್ ಕೈಗೆ ಕೊಟ್ಟ ಸಣ್ಣ ತುದಿಯ ಕ್ಯಾತಿಟರಿನ ಮಾತು ಬೇರೆ. ಏವಿ ಗಂಟಿನ ಮಗ್ಗುಲಲ್ಲಿ ಕಳ್ಳದಾರಿಯಿರುವ ಮಕ್ಕಳಿಗೆ ಇಂದಿಗೂ ಹಲವು ಆಸ್ಪತ್ರೆಗಳಲ್ಲಿ ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ. ನಿಮ್ಮ ಮನೆಯ ಮಗುವಿಗೆ ಎದೆ ಓಡುವ ಕಾಯಿಲೆಯಿದ್ದು ಅಬ್ಲೇಷನ್, ಅಂದರೆ ಕ್ಯಾತಿಟರಿನಿಂದ ಆ ಜಾಗವನ್ನು ಸುಡುವ ಇಲ್ಲವೇ ಘನೀಕರಿಸುವ ಚಿಕಿತ್ಸೆ, ಮಾಡಿಸಬೇಕೆಂದು ವೈದ್ಯರು ಹೇಳಿದರೆ, ತೊಂದರೆಯ ಜಾಗ ಏವಿ ಗಂಟಿಗೆ ಎಷ್ಟು ಹತ್ತಿರವಿದೆ, ಅಲ್ಲಿ ತಣಿಸಿ ನೋಡುವ ಅನುಕೂಲ ಇದೆಯೇ, ಮರುಕಳಿಸಿದರೆ ಮುಂದೇನು ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಿ.